ಯಾಂಗ್ಟ್ಸೆ ತೀರದ 191 ರೋಗಶಯ್ಯೆಗಳು

ಮಹಾನದಿಗಳು ಕೂಡುವೆಡೆ ಬೆಳೆದ ನಗರಗಳಿಗೆ ವೈಭವವೂ ವಿಪತ್ತೂ ಒಂದೇ ಹಾದಿಯಲ್ಲಿ ಬರುತ್ತವೆ. ಯಾಂಗ್ಟ್ಸೆ ಮತ್ತು ಹಾನ್ ನದಿಗಳ ಸಂಗಮದಲ್ಲಿ ವೂಚಾಂಗ್, ಹಾನ್‌ಕೌ, ಹಾನ್‌ಯಾಂಗ್ ಎಂಬ ಮೂರು ಪುರಗಳು ಬೆಸೆದು ರೂಪುಗೊಂಡ ವೂಹಾನ್, ಚೀನಾದ ಚರಿತ್ರೆಯಲ್ಲಿ ಯುಗಾಂತರಗಳ ಹೆಬ್ಬಾಗಿಲು. 1911ರ ಅಕ್ಟೋಬರ್ 10ರಂದು ವೂಚಾಂಗ್‌ನ ಸೈನಿಕರು ಎತ್ತಿದ ಬಂಡಾಯ ಚಿಂಗ್ ರಾಜವಂಶದ ಅವಸಾನಕ್ಕೆ ನಾಂದಿಯಾಗಿ, ಎರಡು ಸಹಸ್ರ ವರ್ಷಗಳ ಚಕ್ರಾಧಿಪತ್ಯವನ್ನು ಕೊನೆಗಾಣಿಸಿತು. ಅದೇ ನಗರ 2019ರ ಡಿಸೆಂಬರ್ 31ರಂದು, ಕಾರಣ ತಿಳಿಯದ ನ್ಯುಮೋನಿಯಾದ 27 ಪ್ರಕರಣಗಳನ್ನು ಲೋಕಕ್ಕೆ ಸಾರಿತು. ಮರುದಿನ, ಆ ಪ್ರಕರಣಗಳೊಂದಿಗೆ ನಂಟಿದ್ದ ನಗರದ ಹುವಾನಾನ್ ಮಾರುಕಟ್ಟೆಗೆ ಬೀಗ ಬಿತ್ತು. ಜನವರಿ 20ರಂದು ಹಿರಿಯ ವೈದ್ಯ ಝೋಂಗ್ ನಾನ್‌ಶಾನ್, ಸೋಂಕು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆಯೆಂದು ಬಹಿರಂಗವಾಗಿ ಘೋಷಿಸಿದರು. ಮೂರೇ ದಿನಗಳಲ್ಲಿ, ಒಂದು ಕೋಟಿಗೂ ಮೀರಿದ ಜನರನ್ನು ಒಳಗಿರಿಸಿಕೊಂಡು ವೂಹಾನ್‌ನ ದ್ವಾರಗಳು ಮುಚ್ಚಿದವು.

ದಿಗ್ಬಂಧನಕ್ಕೊಳಗಾದ ಆ ನಗರದಲ್ಲಿ ಸಂಗ್ರಾಮದ ಮೊದಲ ಆಘಾತವನ್ನು ತಡೆದುಕೊಂಡದ್ದು ಎರಡು ಆಸ್ಪತ್ರೆಗಳು: ಸಾಂಕ್ರಾಮಿಕ ವ್ಯಾಧಿಗಳಿಗೆ ಮೀಸಲಾಗಿದ್ದ ಜಿನ್‌ಯಿನ್‌ಟಾನ್ ಮತ್ತು ವೂಹಾನ್ ಶ್ವಾಸಕೋಶ ಆಸ್ಪತ್ರೆ. ಫೆಬ್ರವರಿ ಆರಂಭದವರೆಗೆ ನಗರದ ಎಲ್ಲ ಮೂಲೆಗಳಿಂದಲೂ ತೀವ್ರ ರೋಗಿಗಳು ಈ ಎರಡರತ್ತಲೇ ಹರಿದುಬಂದರು. ಜಿನ್‌ಯಿನ್‌ಟಾನ್‌ನ ಮುಖ್ಯಸ್ಥ ಝಾಂಗ್ ಡಿಂಗ್‌ಯು ಸ್ವತಃ ನರವ್ಯಾಧಿಯಿಂದ ಬಳಲುತ್ತಿದ್ದವರು. ಸ್ನಾಯುಗಳು ದಿನೇದಿನೇ ಕ್ಷೀಣಿಸುತ್ತಿದ್ದ ದೇಹವನ್ನೆಳೆದುಕೊಂಡೇ ವಾರ್ಡುಗಳಲ್ಲಿ ಸಂಚರಿಸಿದರು. ನಗರದ ಬೇರೆ ಆಸ್ಪತ್ರೆಗಳಲ್ಲಿಯೂ ಬಲಿದಾನಗಳಾದವು. ರೋಗದ ಸುಳಿವನ್ನು ಸಹೋದ್ಯೋಗಿಗಳಿಗೆ ಮೊದಲೇ ತಿಳಿಸಿ ಅದಕ್ಕಾಗಿ ಪೊಲೀಸರ ಎಚ್ಚರಿಕೆಗೆ ಗುರಿಯಾಗಿದ್ದ ನೇತ್ರವೈದ್ಯ ಲೀ ವೆನ್‌ಲಿಯಾಂಗ್ ಫೆಬ್ರವರಿ 7ರಂದು ಅಸುನೀಗಿದರು. ಅದೇ ತಿಂಗಳ 18ರಂದು ವೂಚಾಂಗ್ ಆಸ್ಪತ್ರೆಯ ನಿರ್ದೇಶಕ ಲಿಯು ಝಿಮಿಂಗ್ ಕೂಡ ಇದೇ ವ್ಯಾಧಿಗೆ ತುತ್ತಾದರು. ಸತ್ಯ ನುಡಿದವನನ್ನು ಗದರಿಸಿ ಸುಮ್ಮನಾಗಿಸಿದ ಆಡಳಿತವನ್ನು ಕಾಲ ಕ್ಷಮಿಸಲಾರದು.

ಆ ತುಮುಲದ ನಡುವೆಯೇ, ಯುದ್ಧ ನಡೆಯುತ್ತಿರುವಾಗಲೇ ರಣಭೂಮಿಯ ನಕ್ಷೆ ಬರೆಯುವ ಧೈರ್ಯವನ್ನು ಕೆಲವು ವೈದ್ಯರು ತೋರಿದರು. ಜನವರಿ 31ಕ್ಕೆ ಮುನ್ನ ಆ ಎರಡು ಆಸ್ಪತ್ರೆಗಳಿಗೆ ಸೇರಿದ್ದ 813 ವಯಸ್ಕರಲ್ಲಿ, ರೋಗ ದೃಢಪಟ್ಟು, ಗುಣಮುಖರಾಗಿಯೋ ಮೃತರಾಗಿಯೋ ಕಥೆ ಮುಗಿದಿದ್ದ, ದಾಖಲೆ ಪೂರ್ಣವಾಗಿದ್ದ 191 ಮಂದಿಯ ವೃತ್ತಾಂತವನ್ನು ಅವರು ಸಾಲುಸಾಲಾಗಿ ಪರಿಶೀಲಿಸಿದರು. 137 ಮಂದಿ ಮನೆಗೆ ಮರಳಿದ್ದರು. 54 ಮಂದಿ ಮರಳಲಿಲ್ಲ. ಸುಮಾರು ಅರ್ಧದಷ್ಟು ಜನರಿಗೆ ಹಳೆಯ ಕಾಯಿಲೆಗಳಿದ್ದವು: ಶೇ. 30ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ, ಶೇ. 19ರಷ್ಟು ಮಂದಿಗೆ ಮಧುಮೇಹ, ಶೇ. 8ರಷ್ಟು ಮಂದಿಗೆ ಹೃದ್ರೋಗ. ಆದರೆ ಎಲ್ಲ ಅಂಶಗಳನ್ನೂ ಒಟ್ಟಿಗೆ ತೂಗಿ ನೋಡಿದಾಗ ಮೃತ್ಯುವಿನ ಮುನ್ಸೂಚಕಗಳಾಗಿ ಮೂರು ಎದ್ದು ನಿಂತವು. ಮೊದಲನೆಯದು ವಯಸ್ಸು: ಪ್ರತಿಯೊಂದು ವರ್ಷವೂ ಅಪಾಯದ ಭಾರವನ್ನು ಏರಿಸುತ್ತಿತ್ತು. ಎರಡನೆಯದು, ದಾಖಲಾಗುವ ಹೊತ್ತಿಗೆ ಅಂಗಾಂಗಗಳು ಎಷ್ಟು ಕುಸಿದಿವೆಯೆಂದು ಅಳೆಯುವ ಸೋಫಾ ಅಂಕ. ಮೂರನೆಯದು ಡಿ-ಡೈಮರ್. ರಕ್ತದೊಳಗೆ ಹೆಪ್ಪುಗಟ್ಟಿ ಕರಗಿದ್ದರ ಈ ಕುರುಹು ಪ್ರತಿ ಮಿಲಿಲೀಟರಿಗೆ ಒಂದು ಮೈಕ್ರೊಗ್ರಾಂ ಮೀರಿತ್ತೆಂದರೆ ಮುಂದಿನ ಹಾದಿ ಕಠಿಣವಾಗಿತ್ತು. ಶ್ವಾಸಕೋಶದ ಜ್ವರವೆಂದು ಭಾವಿಸಿದ್ದ ವ್ಯಾಧಿ ರಕ್ತನಾಳಗಳನ್ನೇ ತನ್ನ ಮಾರ್ಗ ಮಾಡಿಕೊಂಡಿದೆಯೆಂಬ ಅರಿವಿಗೆ ದೊರೆತ ಆರಂಭದ ಸಾಕ್ಷ್ಯಗಳಲ್ಲಿ ಇದೂ ಒಂದು. ಕೃತಕ ಉಸಿರಾಟದ ನಳಿಕೆ ಹಾಕಬೇಕಾಗಿ ಬಂದ 32 ಮಂದಿಯಲ್ಲಿ 31 ಮಂದಿ ತೀರಿಕೊಂಡರು. ಆ ಸಂಖ್ಯೆಯನ್ನು ಬರೆದಿಟ್ಟ ಲೇಖನಿಯ ಭಾರವನ್ನು ಓದುಗರು ಊಹಿಸಬಲ್ಲರು.

ಅದರೊಂದಿಗೆ ಮತ್ತೊಂದು ಶೋಧವೂ ಆ ದಾಖಲೆಯಲ್ಲಿತ್ತು. ಬದುಕಿ ಉಳಿದವರ ಗಂಟಲ ದ್ರವದಲ್ಲಿ ವೈರಾಣುವಿನ ಅಂಶ ಎಷ್ಟು ಕಾಲ ಕಾಣಿಸಿಕೊಂಡಿತು? ಅರ್ಧದಷ್ಟು ಮಂದಿಯಲ್ಲಿ ಅದು 20 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದಿತ್ತು. ಅತಿ ಕಡಿಮೆಯೆಂದರೆ 8 ದಿನ, ಅತಿ ದೀರ್ಘವೆಂದರೆ 37 ದಿನ. ಅಸುನೀಗಿದವರಲ್ಲಿ ಅದು ಕೊನೆಯುಸಿರಿನವರೆಗೂ ಪತ್ತೆಯಾಗುತ್ತಲೇ ಇತ್ತು. ಎಚ್‌ಐವಿ ಚಿಕಿತ್ಸೆಯ ಲೋಪಿನಾವಿರ್-ರಿಟೋನಾವಿರ್ ಜೋಡಿಯೂ ಈ ಅವಧಿಯನ್ನು ಮೊಟಕುಗೊಳಿಸಲಿಲ್ಲ. ದ್ರವದಲ್ಲಿ ದೊರೆತ ವಂಶವಾಹಿ ತುಣುಕೇ ಜೀವಂತ ವೈರಾಣುವಲ್ಲವೆಂಬ ವಿವೇಕ ತರುವಾಯ ಜರ್ಮನಿಯಿಂದ ಬಂತು: ಅಲ್ಲಿ ಸೌಮ್ಯ ಲಕ್ಷಣಗಳಿದ್ದ ರೋಗಿಗಳ ಮಾದರಿಗಳಲ್ಲಿ, ರೋಗದ ಎಂಟನೆಯ ದಿನದ ನಂತರ ಪ್ರಯೋಗಾಲಯದಲ್ಲಿ ಬೆಳೆಯಬಲ್ಲ ವೈರಾಣು ಸಿಗಲಿಲ್ಲ. ವೂಹಾನ್‌ನ ಲೆಕ್ಕಕ್ಕೂ ಮಿತಿಗಳಿದ್ದವು. ಎಲ್ಲರಿಗೂ ಎಲ್ಲ ಪರೀಕ್ಷೆಗಳು ನಡೆದಿರಲಿಲ್ಲ. ಕೆಲವರು ತಡವಾಗಿ ಆಸ್ಪತ್ರೆ ಮುಟ್ಟಿದ್ದರು. ಇನ್ನೂ ಆಸ್ಪತ್ರೆಯಲ್ಲೇ ಇದ್ದವರು ಲೆಕ್ಕಕ್ಕೇ ಬಂದಿರಲಿಲ್ಲ. ಈ ಕೊರತೆಗಳನ್ನು ಆ ವೈದ್ಯರೇ ಬರೆದಿಟ್ಟರು. ವಿಜಯಗಳನ್ನಷ್ಟೇ ಕೆತ್ತಿಸಿದ ಅದೆಷ್ಟೋ ಶಾಸನಗಳಿಗಿಂತ ಈ ದಾಖಲೆ ಪೂಜ್ಯ.

2020ರ ಮಾರ್ಚ್ 9ರಂದು ಈ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುದಿನ, ಮಾರ್ಚ್ 10ರಂದು, ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ಭಾರತದ ಮೊದಲ ಕೋವಿಡ್ ಮರಣವೆಂದು ಬಳಿಕ ದೃಢಪಟ್ಟಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಈ ವ್ಯಾಧಿಯನ್ನು ಜಾಗತಿಕ ಮಹಾಮಾರಿಯೆಂದು ಸಾರಿತು. ಯಾಂಗ್ಟ್ಸೆಯ ದಡದಲ್ಲಿ ಬರೆದ ಎಚ್ಚರಿಕೆ ಭೀಮೆಯ ಸೀಮೆಯನ್ನು ತಲುಪುವ ಮೊದಲೇ ಮೃತ್ಯು ಇಲ್ಲಿಗೆ ಬಂದಾಗಿತ್ತು. ಮುಂದಿನ ದಿನಗಳಲ್ಲಿ ಆ ವರದಿಯ ಅರಿವು ನಮ್ಮ ಮನೆಗಳನ್ನೂ ಹೊಕ್ಕಿತು. ಮನೆಯ ಹಿರಿಯರನ್ನು ಬೇರೆ ಕೋಣೆಯಲ್ಲಿ ಕಾಪಾಡಿದೆವು; 2021ರ ಎರಡನೆಯ ಅಲೆಯಲ್ಲಿ ಡಿ-ಡೈಮರ್ ವರದಿಯನ್ನು ಕೈಯಲ್ಲಿ ಹಿಡಿದು ಹಾಸಿಗೆಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದೆವು. ಅದಕ್ಕೂ ಮೊದಲೇ, 2020ರ ಮೇ 8ರಂದು, ಕೇಂದ್ರ ಆರೋಗ್ಯ ಸಚಿವಾಲಯ ಹೊಸ ಆದೇಶ ಹೊರಡಿಸಿತ್ತು: ಸೌಮ್ಯ ರೋಗಿಗಳಲ್ಲಿ ಲಕ್ಷಣ ಕಾಣಿಸಿಕೊಂಡು ಹತ್ತು ದಿನ ಕಳೆದು, ಮೂರು ದಿನ ಜ್ವರವಿಲ್ಲದಿದ್ದರೆ, ಮರುಪರೀಕ್ಷೆಯಿಲ್ಲದೆ ಮನೆಗೆ ಕಳುಹಿಸಬಹುದು. ವೈರಾಣು ಎಷ್ಟು ದಿನ ಕಾಣುತ್ತದೆ, ಎಷ್ಟು ದಿನ ಹರಡುತ್ತದೆ ಎಂದು ಲೋಕವೆಲ್ಲ ನಡೆಸಿದ ಹುಡುಕಾಟಕ್ಕೆ ಆರಂಭದ ದಾರಿ ತೋರಿದ್ದು ಆ ರೋಗಶಯ್ಯೆಗಳು.

ಈ ಯುಗದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಹೊರಡುವವರು ಮಂತ್ರಿಗಳ ಘೋಷಣೆಗಳಿಂದ ಆರಂಭಿಸದಿರಲಿ. ಮೊದಲ ಅಧ್ಯಾಯ ಆ 191 ಅನಾಮಿಕರಿಗೆ, ಅವರಲ್ಲೂ ಮನೆಗೆ ಮರಳದ 54 ಮಂದಿಗೆ ಮೀಸಲಾಗಲಿ.