ಇಂಗ್ಲಿಷ್ ಪದವನ್ನು ಎಲ್ಲಿ ಒಡೆಯಬೇಕು?

ಅಮೆರಿಕದ ಸ್ವಾತಂತ್ರ್ಯ ಸಮರ ಮುಗಿದ 1783ರಲ್ಲಿ ನೋವಾ ವೆಬ್‌ಸ್ಟರ್ ಎಂಬ ತರುಣ ಉಪಾಧ್ಯಾಯ ಮಕ್ಕಳಿಗಾಗಿ ಒಂದು ಕಾಗುಣಿತದ ಪುಸ್ತಕ ಪ್ರಕಟಿಸಿದ. ಅಲ್ಲಿನ ಶಾಲೆಗಳಲ್ಲಿ ಆಗ ಬಳಕೆಯಲ್ಲಿದ್ದುದು ಇಂಗ್ಲೆಂಡಿನ ಥಾಮಸ್ ಡಿಲ್‌ವರ್ತ್ 1740ರಲ್ಲಿ ಹೊರತಂದ ಪುಸ್ತಕ. ಅದರಲ್ಲಿ ಪದಗಳನ್ನು ಒಡೆದು ತೋರಿಸಿದ ಕ್ರಮವೇ ತಪ್ಪೆಂಬುದು ವೆಬ್‌ಸ್ಟರನ ವಾದ.

ಡಿಲ್‌ವರ್ತನ ಪ್ರಕಾರ ಎರಡು ಸ್ವರಗಳ ನಡುವಿನ ವ್ಯಂಜನ ಮುಂದಿನ ತುಂಡಿಗೆ ಸೇರಬೇಕು. ‘ಬಿಷಪ್’ ಪದದ ಮೊದಲ ಎರಡು ಅಕ್ಷರ ಒಂದೆಡೆ, ಉಳಿದ ನಾಲ್ಕು ಇನ್ನೊಂದೆಡೆ. ಆದರೆ ಸ್ವರದಲ್ಲಿ ಮುಗಿಯುವ ತುಂಡನ್ನು ಇಂಗ್ಲಿಷ್ ಮಗು ಎಳೆದು ಓದುತ್ತದೆ. ‘ಬಿಷಪ್’ ಹೋಗಿ ‘ಬೈ-ಷಪ್’ ಆಗುತ್ತದೆ, ‘ಹ್ಯಾಬಿಟ್’ ಹೋಗಿ ‘ಹೇ-ಬಿಟ್’! ವೆಬ್‌ಸ್ಟರ್ ನಡುವಿನ ವ್ಯಂಜನವನ್ನು ಹಿಂದಕ್ಕೆಳೆದು ‘ಹ್ಯಾಬ್-ಇಟ್’ ಎಂದು ಒಡೆದ. ‘ನೇಷನ್’ ಪದದ ಬಾಲವನ್ನು ಹಳಬರು ಎರಡು ತುಂಡು ಮಾಡುತ್ತಿದ್ದರು. ಬಾಯಿ ಒಂದೇ ಉಸಿರಿಗೆ ಹೇಳುವುದರಿಂದ ಇವನು ಒಂದೇ ಆಗಿಸಿದ. ಕನ್ನಡದ ಮಗುವಿಗೆ ಈ ತಾಪತ್ರಯವಿಲ್ಲ. ‘ಬಿ’ ಬೇರೆ, ‘ಬೈ’ ಬೇರೆ. ಎಲ್ಲಿ ಒಡೆದರೂ ಉಚ್ಚಾರ ಕೆಡದು.

ಹಳೆಯ ಪುಸ್ತಕವನ್ನು ಹಳಿದವನ ಮೇಲೆ ‘ಡಿಲ್‌ವರ್ತನ ಭೂತ’ ಎಂಬ ಹೆಸರಿನಲ್ಲಿ ಒಬ್ಬಾತ ಪತ್ರಿಕೆಗಳಲ್ಲಿ ಹರಿಹಾಯ್ದ. ಆದರೂ ನೀಲಿ ರಟ್ಟಿನ ಆ ಪುಸ್ತಕ, ಅದರ ಪರಿಷ್ಕೃತ ಆವೃತ್ತಿಗಳೂ ಸೇರಿ, ಮುಂದಿನ ನೂರು ವರ್ಷಗಳಲ್ಲಿ ಕೋಟಿಗಟ್ಟಲೆ ಮಾರಾಟವಾಯಿತು.

ಅಮೆರಿಕ ಕಿವಿಗೆ ಒಲಿದರೆ ಇಂಗ್ಲೆಂಡಿನ ಮುದ್ರಕರು ಪದದ ಮೂಲಕ್ಕೇ ಹೆಚ್ಚು ಅಂಟಿಕೊಂಡರು. ‘ನಾಲೆಡ್ಜ್’ ಪದವನ್ನು ಅವರು ‘ನೋ’ ಎಂಬ ಧಾತುವಿನ ಬಳಿ ಕತ್ತರಿಸಿದರೆ, ಅಮೆರಿಕನ್ನರು ಅದರಾಚೆಯ ‘ಎಲ್’ ಅಕ್ಷರವನ್ನೂ ಸೇರಿಸಿಕೊಂಡೇ ಕತ್ತರಿಸುತ್ತಾರೆ.

ಬಾಯಿ ಮಾತ್ರ ಮೂಲಕ್ಕೆ ಕಾಯುವುದಿಲ್ಲ. 1861ರಲ್ಲಿ ಫ್ರಾನ್ಸಿನ ಪೊಂತೊಂ ದಾಮೆಕೂರ್ ಗ್ರೀಕ್ ಭಾಷೆಯ ‘ಹೆಲಿಕ್ಸ್’ (ಸುರುಳಿ), ‘ಪ್ಟೆರಾನ್’ (ರೆಕ್ಕೆ) ಪದಗಳನ್ನು ಬೆಸೆದು ‘ಹೆಲಿಕಾಪ್ಟರ್’ಗೆ ಹೆಸರಿಟ್ಟ. ಅರ್ಥದಂತೆ ಅದು ‘ಹೆಲಿಕೊ-ಪ್ಟರ್’. ಜನ ಒಡೆದದ್ದು ‘ಹೆಲಿ-ಕಾಪ್ಟರ್’ ಎಂದು. ‘ಹೆಲಿಪ್ಯಾಡ್’, ‘ಕಾಪ್ಟರ್’ ಎರಡೂ ಹುಟ್ಟಿದ್ದು ಈ ತಪ್ಪು ಒಡಕಿನಿಂದಲೇ.

ಸಾಲಿನ ಕೊನೆಯಲ್ಲಿ ಪದ ಒಡೆಯುವ ಕೆಲಸ ಕಂಪ್ಯೂಟರಿಗೆ ಬಂದಾಗಲೂ ಈ ತೊಡಕು ಹೋಗಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ಲಿನ್ ಲಿಯಾಂಗ್ 1983ರಲ್ಲಿ 4,447 ಅಕ್ಷರ ಮಾದರಿಗಳ ಒಂದು ವಿಧಾನ ರೂಪಿಸಿದ. ಅದಕ್ಕೆ ಸೇರಿಸಿದ ಅಪವಾದಗಳು ಕೇವಲ 14. ಅವುಗಳಲ್ಲಿ ‘ಪ್ರೆಸೆಂಟ್’ ಒಂದು. ಉಡುಗೊರೆ ಎಂಬರ್ಥದಲ್ಲಿ ಅದು ‘ಎಸ್’ ಆದ ಮೇಲೆ ಒಡೆಯುತ್ತದೆ, ಅರ್ಪಿಸು ಎಂಬರ್ಥದಲ್ಲಿ ‘ಎಸ್’ಗೆ ಮೊದಲು. ಯಾವ ಅರ್ಥವೆಂದು ಅಕ್ಷರ ನೋಡಿ ಯಂತ್ರ ಹೇಳಲಾರದು. ಲಿಯಾಂಗ್ ಆ ಪದವನ್ನು ಒಡೆಯದೆ ಇಡಿಯಾಗಿಯೇ ಬಿಟ್ಟ.