ಹರಿಗೋಲು, ರೈಲು, ಕೆಂಪು ಬಸ್ಸು

ದೇವದುರ್ಗದ ಕಡೆ ಕೃಷ್ಣೆ, ಮಾನ್ವಿಯ ಕಡೆ ತುಂಗಭದ್ರೆ. ಎರಡು ಹೊಳೆಗಳ ನಡುವಿನ ರಾಯಚೂರಿನ ಈ ಎಡೆದೊರೆ ಸೀಮೆಯಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದುದು ಹರಿಗೋಲು: ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡು ದೋಣಿ. ಹೊಗೆಯಿಲ್ಲ, ಎಣ್ಣೆ ಬೇಡ. ಸುಸ್ಥಿರ ಪ್ರಯಾಣ ಎಂಬ ಮಾತು ಹುಟ್ಟುವ ಎಷ್ಟೋ ಮೊದಲಿನ ಸಂಗತಿ ಇದು.

ಆಮೇಲೆ ರೈಲು ಬಂತು. 1871ರಲ್ಲಿ ಬೊಂಬಾಯಿಯ ಹಳಿ, ಮದ್ರಾಸಿನ ಹಳಿ ರಾಯಚೂರಿನಲ್ಲಿ ಕೂಡಿದವು. ಆದರೆ ದೇವದುರ್ಗ, ಮಾನ್ವಿ ಆ ದಾರಿಯಲ್ಲಿರಲಿಲ್ಲ.

ಆ ಕೊರತೆಗೆ ಉತ್ತರ ಬಸ್ಸು. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆ. 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸು, 166 ನೌಕರರೊಂದಿಗೆ ಸರ್ಕಾರಿ ರಸ್ತೆ ಸಾರಿಗೆ ಆರಂಭಿಸಿತು. ರೈಲು, ಬಸ್ಸು ಎರಡೂ ಒಂದೇ ಆಡಳಿತದ ಕೈಯಲ್ಲಿ! ಇಂದಿನ ಪ್ರಯಾಣ ಆ್ಯಪ್‌ಗಳು ಪರದೆಯ ಮೇಲೆ ಹೊಂದಿಸಲು ಹೆಣಗುವ ಜೋಡಣೆ ಆಗ ಕಚೇರಿಯೊಳಗೇ ಇತ್ತು.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಇಲ್ಲಿನ ಬಸ್ಸುಗಳು ಈಗ ಕಲ್ಯಾಣ ಕರ್ನಾಟಕ ಸಾರಿಗೆಯವು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಜನರನ್ನು ಬಸ್ಸಿಗೆ ಕರೆತರಲು ಇದಕ್ಕಿಂತ ಸರಳ ವಿನ್ಯಾಸ ಸಿಗಲಿಕ್ಕಿಲ್ಲ.

ಆ್ಯಪ್ ರೂಪಿಸುವವರು ಮೊದಲು ಮಾನ್ವಿ ಬಸ್‌ ನಿಲ್ದಾಣದಲ್ಲಿ ಒಂದು ದಿನ ಕೂರಲಿ. ಅಲ್ಲಿ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: “ರಾಯಚೂರು ಗಾಡಿ ಎಷ್ಟೊತ್ತಿಗೈತ್ರಿ?”