ಮುಖದ ಬಣ್ಣ, ಕೈಯ ಬಣ್ಣ

ಮೊನ್ನೆ ವಿದ್ಯಾರ್ಥಿಯೊಬ್ಬನು ವಿಡಿಯೋ ಆಟದ ಪಾತ್ರವೊಂದಕ್ಕೆ ತಾನೇ ಬರೆದ ಹೊಸ ಮುಖವನ್ನು ತೊಡಿಸಿ ತಂದು ತೋರಿಸಿದನು. ಮುಖ ಗೋದಿಬಣ್ಣ, ಮೈ ಕಪ್ಪು. ಕೊರಳಲ್ಲಿ ಗೆರೆ ಎದ್ದು ಕಾಣುತ್ತಿತ್ತು. ಮೈಯನ್ನು ಎಷ್ಟು ತಿದ್ದಿದರೂ ಎರಡೂ ಕೂಡವೆಂದು ಅವನ ಅಳಲು.

ನಮ್ಮ ಸೀಮೆಗೆ ಈ ಗೆರೆ ಹೊಸದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ದೊಡ್ಡಾಟಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇದದ ಬಿಳುಪು—ಇವನ್ನು ಹದವಾಗಿ ಬೆರೆಸಿ ಮುಖಕ್ಕೆ ಬಳಿಯುವರು. (ಒಂದರಲ್ಲಿ ಪಾಷಾಣ, ಇನ್ನೊಂದರಲ್ಲಿ ಪಾದರಸ, ಕೇಳುವವರಾರು?) ಕೈಗೂ ಸಾಲುವಷ್ಟು ಬಣ್ಣವನ್ನು ಎಲ್ಲಿಂದ ತರುವುದು? ಪಂಜಿನ ಬೆಳಕು ಆ ಕೊರತೆಯನ್ನು ಮುಚ್ಚಿಕೊಂಡು ಬಂದಿತ್ತು. 1910ರ ಸುಮಾರಿಗೆ ಜರ್ಮನಿಯಲ್ಲಿ ಹುಟ್ಟಿದ ಪೆಟ್ರೋಮ್ಯಾಕ್ಸ್ ದೀಪವು ಮುಂದೆ ನಮ್ಮ ಹಳ್ಳಿಗಳಿಗೂ ಬಂದು ಗುಟ್ಟನ್ನು ರಟ್ಟು ಮಾಡಿತು.

1980ರ ದಶಕದ ಕೊನೆಗೆ, ಹುಡುಗನಾಗಿದ್ದಾಗ, ನಾನು ಕಂಡ ದ್ರೌಪದಿಯ ಮುಖ ಬೆಣ್ಣೆಯಂತಿತ್ತು. ಸೆರಗನ್ನು ಬಿಗಿಹಿಡಿದ ಕೈ ಮಾತ್ರ ನೇಗಿಲು ಹಿಡಿದ ಕರಿಯ ಕೈ. ಜನ ನಕ್ಕರು. ನಾನೂ ನಕ್ಕೆ. ಆಟ ಮುಗಿಯುವವರೆಗೂ ಆತನು ಕೈಯನ್ನು ಸೆರಗಿನೊಳಗೇ ಅಡಗಿಸಿಕೊಂಡಿದ್ದನು. ಮಹಾಭಾರತದ ದ್ರೌಪದಿ ಕಪ್ಪು ಬಣ್ಣದವಳು, ಅದಕ್ಕೇ ಆಕೆಗೆ ಕೃಷ್ಣೆಯೆಂದು ಹೆಸರು ಎಂಬುದನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಪಾತ್ರಕ್ಕೆ ಒಪ್ಪಿದ್ದುದು ಆ ಕೈಯೊಂದೇ!

ಇದನ್ನು ಕೇಳಿದ ವಿದ್ಯಾರ್ಥಿಯು ಮೈಯನ್ನು ಹಾಗೆಯೇ ಬಿಟ್ಟು ಮುಖವನ್ನು ತಿದ್ದಲು ಕುಳಿತನು.